ಭಾನುವಾರದ ರಾಹುಕಾಲದ ಮೇಲೆ ಈಜುಕೊಳದಿಂದ ಒಂದು ದೂರು

ಮಾರೇನಹಳ್ಳಿ, ವಿಜಯನಗರ
ಫೆಬ್ರವರಿ ೧೯೮೬

ನವಗ್ರಹ ಮಂಡಲದಲ್ಲಿ ಖಾಯಂ ಹುದ್ದೆ ಅಲಂಕರಿಸಿ, ದಿನಕ್ಕೆ ಒಂದೂವರೆ ಗಂಟೆ ಮಾತ್ರ ಕೆಲಸ ಮಾಡಿ ಇಡೀ ದಿನ ಹೆದರಿಸಬಲ್ಲ ಶ್ರೀಮಾನ್ ರಾಹು ಮಹಾಶಯರಿಗೆ, ಗುಮಾಸ್ತ ಪದ್ಮನಾಭನ ಒದ್ದೆ ನಮಸ್ಕಾರಗಳು.

ಮಾನ್ಯರೇ,

ನನ್ನ ಹತ್ತು ವರ್ಷದ ಮಗಳು ಪುಟ್ಟಲಕ್ಷ್ಮಿಗೆ ಸಕ್ಕರೆ ಕಾಯಿಲೆ. ದಿನಾ ಸೂಜಿ ಚುಚ್ಚದೆ ಗತ್ಯಂತರವಿಲ್ಲ. ಈ ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸಲು, ಕಳೆದ ಭಾನುವಾರ ಬಡಾವಣೆಯ ಈಜುಕೊಳದಲ್ಲಿ ಕೈಲಾಗುವಷ್ಟು ಹೊತ್ತು ನಿಲ್ಲದೆ ಈಜುತ್ತೇನೆಂದು ಜಂಬದಿಂದ ಸಾರಿಬಿಟ್ಟೆ. ಬಟ್ಟೆ ಅಂಗಡಿಯ ಶಿವಬಸಪ್ಪನವರು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಕೊಳದ ಒಂದೊಂದು ಸುತ್ತಿಗೂ ಹತ್ತು ರೂಪಾಯಿ ಕೊಡಲು ಬಹಳ ಧೈರ್ಯವಾಗಿ ಒಪ್ಪಿಕೊಂಡರು.

ಮೂರಕ್ಕೆ ನೀರಿಗಿಳಿದವನು ನಾಲ್ಕೂವರೆಗೆಲ್ಲ ಸುಸ್ತಾಗಿ, ಕೈ ನನ್ನದಲ್ಲ, ಕಾಲು ಯಾರದ್ದೋ ಎಂಬಂತಾಗಿ, ಮರ್ಯಾದೆ ಹೋದರೆ ಹೋಗಲಿ ಎಂದು ಕೊಳದ ಅಂಚಿಗೆ ಕೈ ಚಾಚುವುದಕ್ಕೂ ತಾವು ಚಿತ್ತೈಸುವುದಕ್ಕೂ ಸರಿಹೋಯಿತು. ನನ್ನ ಅತ್ತೆ ವೆಂಕಟಲಕ್ಷ್ಮಮ್ಮನವರು ದಡದಿಂದಲೇ, "ಅಳಿಯಂದ್ರೇ, ರಾಹುಕಾಲ ಬಂತು! ಆರು ಗಂಟೆ ತನಕ ಮೇಲೆ ಬರ್ಬೇಡಿ!" ಎಂದು ಕೂಗಿದರು. ನೀರಿನಲ್ಲಿ ಮುಳುಗಿದರೆ ಒಂದೇ ಸಲ ಸಾವು. ಅತ್ತೆಯ ಮಾತು ಮೀರಿದರೆ ಹಬ್ಬಹಬ್ಬಕ್ಕೂ ಸಾವು. ಅಯ್ಯೋ ದೇವರೇ ಎಂದು ತಿರುಗಿ ಈಜಿದೆ. ಸ್ವಾಮೀ, ತಮಗಿರುವುದು ರುಂಡ ಮಾತ್ರ, ತೇಲುವುದು ಸಲೀಸು. ಕೆಳಗೆ ಇಂಥ ಹೊಟ್ಟೆ ಜೋತುಬಿದ್ದವನ ಪಾಡು ತಮಗೇನು ಗೊತ್ತು? ಸೂರ್ಯನನ್ನೇ ನುಂಗುವ ತಾವು ಆ ಕೊಳವನ್ನು ಒಂದು ಗುಟುಕಿಗೆ ಕುಡಿದುಬಿಡಬಾರದಿತ್ತೇ?

ಆರಕ್ಕೆ ನಾಲ್ವರು ಸೇರಿ ನನ್ನನ್ನು ಮೇಲಕ್ಕೆಳೆದಾಗ ಶಿವಬಸಪ್ಪನವರ ಮುಖ ನನಗಿಂತ ಬಿಳುಚಿತ್ತು. ಆದರೂ ಪುಣ್ಯಾತ್ಮರು ಮಾತಿಗೆ ತಪ್ಪಲಿಲ್ಲ. ಈ ಸಾಧನೆ ತಮ್ಮದೇ ಆದ್ದರಿಂದ, ಬರುವ ವರ್ಷ ನಾನು ನೀರಿಗಿಳಿದ ಹತ್ತನೇ ನಿಮಿಷಕ್ಕೆ ಬಂದು ಹನ್ನೊಂದನೆಯದಕ್ಕೆ ಜಾಗ ಖಾಲಿ ಮಾಡಬೇಕಾಗಿ ವಿನಂತಿ.

ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿ ವಿಮಲ, "ಅಮ್ಮಾ, ರಾಹುಕಾಲದಲ್ಲಿ ಶುರು ಮಾಡ್ಬಾರ್ದು ಅಷ್ಟೇ, ಮುಗಿಸ್ಬೋದಿತ್ತಲ್ಲ?" ಎಂದಳು. ಅತ್ತೆ ನನಗೆ ಇನ್ನೊಂದು ಸೌಟು ಹುಳಿ ಬಡಿಸುತ್ತಾ, "ನಂಗೊತ್ತಿಲ್ವೇನೇ? ಮಗು ಸುತ್ತು ಎಣಿಸ್ತಾ, ನಮ್ಮಪ್ಪ ಇನ್ನೂ ಈಜ್ತಾರೆ ಅಂತ ಎಲ್ಲರಿಗೂ ಹೇಳ್ತಾ ಇತ್ತು. ನಂಗೆ ಬೇರೇನೂ ಹೊಳೀಲಿಲ್ಲ" ಎಂದರು.

ಇನ್ನೂ ಕಿವಿಯಲ್ಲಿ ನೀರು ತುಂಬಿಕೊಂಡಿರುವ,
ತಮ್ಮ ವಿಶ್ವಾಸಿ,
ಪದ್ಮನಾಭ

ತಾ.ಕ.: ಮಾರನೆಯ ದಿನ, ಸೋಮವಾರ ಬೆಳಿಗ್ಗೆ ಏಳೂವರೆಗೇ ತಾವು ಮತ್ತೆ ಹಾಜರು. ಸೂಜಿ ಹಿಡಿದ ನಾನು, ತಾವು ಹೊರಡಲಿ ಎಂದು ಹಿಂದೆಮುಂದೆ ನೋಡುತ್ತಿದ್ದೆ. ಪುಟ್ಟಲಕ್ಷ್ಮಿ ತೋಳು ಚಾಚಿ, "ಬೇಗ ಚುಚ್ಚಪ್ಪಾ, ಸ್ಕೂಲಿಗೆ ಲೇಟಾಗತ್ತೆ" ಎಂದಳು. ಸೋಮವಾರಗಳಲ್ಲಿ ತಾವು ನಮ್ಮ ಬೀದಿಗೆ ಬಾರದಿದ್ದರೂ ನಡೆಯುತ್ತದೆ. ಅವಳಂತೂ ತಮ್ಮನ್ನು ಕಾಯುವುದಿಲ್ಲ.