ಬೂದುಗುಂಬಳಕ್ಕೆ ಬಿಸಿಯಾದ ಕ್ವಾಂಟಮ್ ಕಂಪ್ಯೂಟರಿಗೆ

ಮಾನ್ಯರೇ,

ಇನ್‌ಸ್ಟಿಟ್ಯೂಟಿನ ನೆಲಮಾಳಿಗೆಯಲ್ಲಿ ಹಿಮಾಲಯವೂ ನಾಚುವಷ್ಟು ತಣ್ಣಗೆ ವಿರಾಜಮಾನರಾಗಿದ್ದರಷ್ಟೇ ಕೆಲಸ ಮಾಡುವ ತಮಗೆ, ಬಿಟಿಎಂ ಲೇಔಟಿನ ಹಾಸ್ಟೆಲಿನಿಂದ ಫಸ್ಟ್ ಇಯರ್ ತನ್ಮಯಿ ಮಾಡುವ ನಮಸ್ಕಾರಗಳು. ಕನ್ನಡ ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಬೇಕು. ಆರನೇ ಕ್ಲಾಸಿನಿಂದ ಹಾಸ್ಟೆಲ್ ಊಟ, ಇಂಗ್ಲಿಷ್ ಪಾಠ.

ಆಯುಧಪೂಜೆಯ ದಿನ ತಾವು ಬಿಸಿಯಾಗಿಬಿಟ್ಟಿರಿ. ಮತ್ತೆ ತಣ್ಣಗಾಗಲು ಹತ್ತು ದಿನ ಬೇಕಂತೆ. ನನ್ನ ಪ್ರಾಜೆಕ್ಟಿಗೆ ತಮ್ಮ ಮುಂದೆ ಕೂರುವ ಸ್ಲಾಟು ಈ ಸೋಮವಾರ. ಅದು ತಪ್ಪಿದರೆ ಲ್ಯಾಬ್ ಪೇಪರ್ ಫೇಲು. ಇಷ್ಟಕ್ಕೂ ಕಾರಣ ನಾನು ಒಡೆದ ಬೂದುಗುಂಬಳದ ಅದುರಿಕೆಯೇ ಎಂದು ಲ್ಯಾಬಿನ ಮುಖ್ಯಸ್ಥರಾದ ಅನಂತಪದ್ಮನಾಭ ಸರ್ ತೀರ್ಮಾನಿಸಿ, ನೋಟಿಸ್ ಬೋರ್ಡಿಗೆ ಅಂಟಿಸುವಂಥ ಕ್ಷಮಾಪಣೆ ಬರೆಯಲು ಹೇಳಿದ್ದಾರೆ. ಅದೇ ಇದು.

ಒಡೆದದ್ದು ನಿಜ. ಇನ್‌ಸ್ಟಿಟ್ಯೂಟ್ ಇರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದಿದ್ದ, ಈಗ ಅಲ್ಲೇ ಸೆಕ್ಯುರಿಟಿಯಾಗಿರುವ ಜರಗನಹಳ್ಳಿಯ ಬೋರಣ್ಣನವರು, "ಲಿಫ್ಟ್‌ಗೆ ಪೂಜೆ ಮಾಡಿದ್ರಿ, ಜೆರಾಕ್ಸ್ ಮಿಷಿನ್‌ಗೂ ಮಾಡಿದ್ರಿ, ಒಳಗಿರೋ ದೊಡ್ಡೋರಿಗೆ ಬ್ಯಾಡ್ವಾ? ದೃಷ್ಟಿ ಆಗ್ತದೆ ಕಣವ್ವಾ" ಎಂದು ಕುಂಬಳಕಾಯಿಯನ್ನು ಕೈಗಿಟ್ಟಾಗ, ಕ್ಲಾಸ್‌ಮೇಟ್ ಆಶ್ರಿತ್ ಮೊಬೈಲ್ ಹಿಡಿದು "ಒಡಿ ಮಗಾ, ಸಖತ್ತಾಗ್ ಬರ್ತಿದೆ" ಎಂದು ಹುರಿದುಂಬಿಸಿದಾಗ, ಬೇಡವೆನ್ನಲು ನನಗೆ ಧೈರ್ಯ ಬರಲಿಲ್ಲ. ಆದರೆ ಒಡೆದದ್ದು ಹೊರಗೇಟಿನಾಚೆ, ಸ್ವಾಮೀ. ಕನಕಪುರ ರಸ್ತೆಯ ಬಸ್ಸುಗಳು, ಪಕ್ಕದ ಸೈಟಿನ ಬೋರ್‌ವೆಲ್ ಲಾರಿ ದಿನವಿಡೀ ಗುಡುಗಿದರೂ ಕದಲದ ತಮ್ಮ ಮಹಾತಪಸ್ಸನ್ನು ಒಂದು ತರಕಾರಿ ಕೆಡಿಸಿತೆಂದರೆ, ಆ ತರಕಾರಿಗೆ ಗೌರವ ಡಾಕ್ಟರೇಟ್ ಕೊಡಿಸಬೇಕು.

ಆದ್ದರಿಂದ ತಾವು ದಯಮಾಡಿ ಸೋಮವಾರದೊಳಗೆ ತಣ್ಣಗಾಗಬೇಕು. ಆಗದಿದ್ದರೆ, ಏಕಕಾಲಕ್ಕೆ ಎರಡು ಸ್ಥಿತಿಯಲ್ಲಿರುವುದು ತಮಗೆ ಅಭ್ಯಾಸವಾದ್ದರಿಂದ, ಸರ್ ಪಾಲಿಗೆ ಬಿಸಿಯಾಗಿಯೂ ನನ್ನ ಪಾಲಿಗೆ ತಣ್ಣಗೂ ಇದ್ದು ಕಾಪಾಡಬೇಕು.

ನಡುಗುತ್ತಲೇ ತಮ್ಮ ವಿಶ್ವಾಸಿ,
ತನ್ಮಯಿ

ವಿ.ಸೂ.: ಕ್ಷಮಾಪಣೆಯಲ್ಲಿ ಸಮಯ ನಮೂದಿಸಬೇಕೆಂದರು, ಹಾಗಾಗಿ ತಮ್ಮ ಲಾಗ್ ತೆಗೆದು ನೋಡಿದೆ. ತಮ್ಮನ್ನು ತಣ್ಣಗಿಡುವ ಪಂಪು ನಿಂತದ್ದು ಹತ್ತು ನಲವತ್ತಕ್ಕೆ. ಕುಂಬಳಕಾಯಿ ಒಡೆದದ್ದು ಹನ್ನೊಂದೂಕಾಲಿಗೆ. ಆಶ್ರಿತ್ ಹತ್ತಿರ ವಿಡಿಯೊ ಇದೆ. ಹಬ್ಬದ ದಿನ ಯಂತ್ರಗಳಿಗೆ ವಿಶ್ರಾಂತಿ ಕೊಡಬೇಕೆಂಬ ಪದ್ಧತಿಯನ್ನು ಯಾರೋ ಭಕ್ತರು ಪಂಪಿನ ಸ್ವಿಚ್ ಆರಿಸಿ ಪಾಲಿಸಿದ್ದಾರೆ. ಸ್ವಿಚ್ಚಿನ ಮೇಲೆ ಗಂಧ ಮೆತ್ತಿದ ಬೆರಳಿನ ಗುರುತು ಇನ್ನೂ ಇದೆ. ಪೂಜೆಯಲ್ಲಿ ನನ್ನ ಕೈಗೆ ಕೊಟ್ಟಿದ್ದು ಕುಂಕುಮದ ತಟ್ಟೆ. ಗಂಧದ ಬಟ್ಟಲು ಅಂದು ಇದ್ದದ್ದು ಸರ್ ಕೈಯಲ್ಲಿ. ಲ್ಯಾಬಿನ ಬೀಗದ ಕೈ ಕೂಡ.