ಬೆಕ್ಕಿನ ಹಾಸಿಗೆಯ ಮಾಲೀಕರು

ಬೆಕ್ಕು ಹತ್ತಿರ ಬಂದರೆ ಸಾಕು, ಸೀನುತ್ತ ಮಾರು ದೂರ ಹಾರುವ ಮನುಷ್ಯನೊಬ್ಬ ಬೆಕ್ಕಿನ ಹಾಸಿಗೆ ಮಾರಿ ಹೊಟ್ಟೆ ಹೊರೆಯುತ್ತಿದ್ದ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೂ ನಿಜ. ಓಣಿಯವರೆಲ್ಲ ಅವನನ್ನು ಬೆಕ್ಕಿನಣ್ಣ ಎಂದೇ ಕರೆಯುತ್ತಿದ್ದರು. ಇನ್ನೂ ವಿಚಿತ್ರವೆಂದರೆ, ತಾನು ಮಾರುವ ಹಾಸಿಗೆಯನ್ನು ಅವನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಯಾವುದೋ ದೇಶದ ಗಿರಾಕಿ ಕಂಪ್ಯೂಟರಿನಲ್ಲಿ ಹಾಸಿಗೆ ಆರಿಸಿ ಹಣ ಕಟ್ಟುತ್ತಿದ್ದ. ಬೆಕ್ಕಿನಣ್ಣ ಆ ಆರ್ಡರನ್ನು ಇನ್ನೊಂದು ದೇಶದ ಕಾರ್ಖಾನೆಗೆ ದಾಟಿಸುತ್ತಿದ್ದ. ಕಾರ್ಖಾನೆಯವರು ಅಲ್ಲಿಂದಲೇ ನೇರವಾಗಿ ಗಿರಾಕಿಯ ಮನೆಗೆ ಕಳಿಸುತ್ತಿದ್ದರು. ಮಧ್ಯೆ ಕುಳಿತವನ ಕೈಗೆ ಒಂದೆಳೆ ಹತ್ತಿಯೂ ತಾಗುತ್ತಿರಲಿಲ್ಲ.

ಅಸಲಿಗೆ ಅಂಗಡಿ ಅವನದಲ್ಲ, ಹೆಂಡತಿಯದು. ತೆರಿಗೆ ನೋಂದಣಿ, ಬ್ಯಾಂಕಿನ ಖಾತೆ, ಪರದೆಯ ಮೇಲೆ ಅಂಗಡಿಯ ಹೆಸರಿನ ಕೆಳಗೆ ಕಾಣುವ ಮಾಲೀಕರ ಹೆಸರು ಎಲ್ಲವೂ ಅವಳದೇ. ಯಾವ ದೇಶಕ್ಕಾದರೆ ತೆರಿಗೆಯನ್ನು ಬೆಲೆಯಲ್ಲೇ ಸೇರಿಸಬೇಕು, ಯಾವ ದೇಶದಲ್ಲಿ ಗಿರಾಕಿಯೇ ಮನೆ ಬಾಗಿಲಲ್ಲಿ ಸುಂಕ ಕಟ್ಟಬೇಕು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಪ್ರತಿ ಗಿರಾಕಿಗೂ ಮೊದಲೇ ಬರೆದು ತಿಳಿಸುತ್ತಿದ್ದಳು: "ಪಾರ್ಸೆಲ್ ತಂದವರು ಸುಂಕ ಕೇಳುತ್ತಾರೆ, ಸಿಟ್ಟಾಗಬೇಡಿ. ಅದು ನಿಮ್ಮ ಸರ್ಕಾರಕ್ಕೆ ಸೇರುವ ಹಣ, ನನಗಲ್ಲ." ಈ ನೇರ ಮಾತಿಗೇ ಗಿರಾಕಿಗಳು ಮನಸೋತಿದ್ದರು. ತಮ್ಮ ಬೆಕ್ಕು ಮರಿ ಹಾಕಿದರೆ ಫೋಟೊ ಕಳಿಸುವಷ್ಟು ಸಲಿಗೆ ಬೆಳೆದಿತ್ತು.

ಅವಳು ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಓಣಿಗೆ ಗೊತ್ತಿದ್ದ ಆ ಸುದ್ದಿ ಗಿರಾಕಿಗಳಿಗೆ ಗೊತ್ತಿರಲಿಲ್ಲ. ಬೆಳಗಾದರೆ ಅವಳ ಹೆಸರಿಗೆ ಪತ್ರ ಬರುತ್ತಿತ್ತು. ಹೇಗಿದ್ದೀರಿ, ಮಂಡಿನೋವು ಹೇಗಿದೆ ಎಂದು ಕೇಳುತ್ತಿದ್ದರು. ಬೆಕ್ಕಿನಣ್ಣ ಅವಳ ಕುರ್ಚಿಯಲ್ಲಿ ಕುಳಿತು, ಅವಳು ಬರೆಯುತ್ತಿದ್ದ ಹಾಗೆಯೇ, ಚೆನ್ನಾಗಿದ್ದೇನೆ, ನೋವು ಈಗ ಕಡಿಮೆ ಎಂದು ಉತ್ತರಿಸುತ್ತಿದ್ದ. ಅಷ್ಟು ಹೊತ್ತು ಅವಳು ಅಡುಗೆಮನೆಯಲ್ಲೆಲ್ಲೋ ಇದ್ದಾಳೆ, ಈಗ ಬಂದಾಳು ಎನಿಸುತ್ತಿತ್ತು. ಅಂಗಡಿಯ ಸಂಪಾದನೆಗಿಂತ ಅವನಿಗೆ ಬೇಕಾಗಿದ್ದದ್ದು ಈ ಸುಳ್ಳು. ಅವಳು ಬದುಕಿದ್ದಾಳೆಂದು ನಂಬಿದವರು ಲೋಕದಲ್ಲಿ ಇವರಷ್ಟೇ. ಅವರನ್ನೂ ಕಳೆದುಕೊಂಡರೆ ಅವನಿಗೆ ಉಳಿಯುವುದೇನು?

ಈ ನೆಮ್ಮದಿಗೆ ಕಲ್ಲು ಹಾಕಿದವರು ಮಹಡಿ ಮನೆಯ ಕಲಂ ತಾತ. ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಮಾತೆತ್ತಿದರೆ ಯಾವುದಾದರೊಂದು ಕಾಯಿದೆಯ ಕಲಂ ಹೇಳುತ್ತಿದ್ದರಿಂದ ಆ ಹೆಸರು ಬಿದ್ದಿತ್ತು. "ಸತ್ತೋರ ಹೆಸರಲ್ಲಿ ವ್ಯಾಪಾರ ಮಾಡಿದ್ರೆ ಅಂಗಡಿಗೆ ಬೀಗ ಹಾಕಿಬಿಡ್ತಾರೆ ಕಣಯ್ಯ. ವಾರಸುದಾರ ನೀನೇ ಅಂತ ಅರ್ಜಿ ಹಾಕು" ಎಂದು ಹೆದರಿಸಿ, ತಾವೇ ಮುಂದೆ ನಿಂತು ಅರ್ಜಿ ಹಾಕಿಸಿದ್ದರು. ಅದರ ಫಲವಾಗಿ ಆ ದಿನ ಬೆಳಗ್ಗೆ ತೆರಿಗೆ ಇಲಾಖೆಯಿಂದ ಫೋನು ಬಂತು. ವ್ಯಾಪಾರದ ಸ್ಥಳ ನೋಡಲು ಅಧಿಕಾರಿ ಇವತ್ತೇ ಬರುತ್ತಾರಂತೆ.

ಸುದ್ದಿ ಕೇಳಿ ಕಲಂ ತಾತ ಎರಡೆರಡು ಮೆಟ್ಟಿಲು ಒಟ್ಟಿಗೇ ಇಳಿಯುತ್ತ ಬಂದರು.

"ಸ್ಥಳ ಎಲ್ಲಿ?"

"ಇದೇ ತಾತ." ಬೆಕ್ಕಿನಣ್ಣ ಒಳಗಿನ ಕೋಣೆ ತೋರಿಸಿದ. ಒಂದು ಮೇಜು, ಹೆಂಡತಿಯ ಕುರ್ಚಿ, ಕಂಪ್ಯೂಟರು, ಕಿಟಕಿ. ಮಿಕ್ಕಂತೆ ಬರಿ ನೆಲ.

"ಸರಕು?"

"ಇಲ್ಲಿಗೆ ಬರೋದೇ ಇಲ್ವಲ್ಲ."

"ಅಯ್ಯೋ ನಿನ್ನ! ಅಂಗಡಿ ಅಂತ ಹೇಳಿ ಖಾಲಿ ಕೋಣೆ ತೋರಿಸಿದ್ರೆ ಬೋಗಸ್ ಅಂತ ಬರೀತಾರೆ. ಅರ್ಜಿ ವಜಾ, ಅಂಗಡಿ ಬಂದ್!"

ಅಂಗಡಿ ಬಂದ್ ಎಂದರೆ ಪತ್ರಗಳೂ ಬಂದ್. ಬೆಕ್ಕಿನಣ್ಣ ತಲೆಯ ಮೇಲೆ ಕೈ ಹೊತ್ತು ಕುಳಿತ. ಅಷ್ಟರಲ್ಲಿ ಪಕ್ಕದ ಮನೆಯ ಕಿಟಕಿಯಿಂದ ಟೈಲರಮ್ಮನ ತಲೆ ಹೊರಬಂತು. ಹೊಲಿಗೆ ಯಂತ್ರದ ಸದ್ದಿನ ನಡುವೆಯೂ ಅಕ್ಕಪಕ್ಕದ ಮಾತು ಒಂದನ್ನೂ ಬಿಡದೆ ಕೇಳಿಸಿಕೊಳ್ಳುವ ಹೆಂಗಸು ಅವರು.

"ಅದಕ್ಯಾಕಣ್ಣ ಅಷ್ಟು ಯೋಚನೆ? ಬೆಕ್ಕಿನ ಹಾಸಿಗೆ ಅಂದ್ರೆ ಏನು, ಒಂದು ದಿಂಬು ತಾನೆ? ಓಣೀಲಿ ದಿಂಬಿಗೇನು ಬರ!"

ಸ್ವಲ್ಪ ಹೊತ್ತಿಗೆ ಕೋಣೆಗೆ ದಿಂಬುಗಳ ಮೆರವಣಿಗೆ ಶುರುವಾಯಿತು. ಟೈಲರಮ್ಮ ಗಿರಾಕಿಗಳು ಹೊಲಿಯಲು ಕೊಟ್ಟಿದ್ದ ಕುಶನ್ನುಗಳನ್ನೆಲ್ಲ ಹೊತ್ತು ತಂದರು. ಉದ್ದದ ದಿಂಬುಗಳನ್ನು ಬಳೆಯಂತೆ ಬಗ್ಗಿಸಿ, ತುದಿಗೆ ತುದಿ ಸೇರಿಸಿ ಹೊಲಿಗೆ ಹಾಕಿ, "ನೋಡಿ, ಬೆಕ್ಕು ಇದರೊಳಗೆ ದುಂಡಗೆ ಮಲಗುತ್ತೆ" ಎಂದರು. ಕಲಂ ತಾತ ತಾವು ಮದುವೆಯಾದಾಗಿನಿಂದ ಮಲಗುತ್ತಿದ್ದ ಹಾಸಿಗೆಯನ್ನೇ ಸುತ್ತಿ ಹಗ್ಗ ಬಿಗಿದು ಹೊತ್ತುಕೊಂಡು ಬಂದರು.

"ಇಷ್ಟು ದೊಡ್ಡದು ಬೆಕ್ಕಿಗಾ ತಾತ?"

"ಹೊರದೇಶದ ಬೆಕ್ಕು ಕಣಯ್ಯ, ದಷ್ಟಪುಷ್ಟವಾಗಿರುತ್ತೆ."

ನಂಬಿಕೆ ಬರಲೆಂದು ಟೈಲರಮ್ಮ ತಮ್ಮ ಬೆಕ್ಕನ್ನೂ ತಂದು ರಾಶಿಯ ಮೇಲೆ ಕೂರಿಸಿದರು. ಬೆಕ್ಕಿನಣ್ಣ ಸೀನತೊಡಗಿದ. ಸೀನುತ್ತಲೇ ಒಮ್ಮೆ ಕೋಣೆಯತ್ತ ನೋಡಿದ. ಹೆಂಡತಿಯ ಕುರ್ಚಿ ದಿಂಬುಗಳ ಅಡಿಯಲ್ಲಿ ಎಲ್ಲೋ ಹೂತುಹೋಗಿತ್ತು. ಅವನಿಗೆ ದುಃಖ ಒತ್ತರಿಸಿ ಬಂತು. ಸೀನಿಗೆ ಬಂದ ಕಣ್ಣೀರೆಂದು ಉಳಿದಿಬ್ಬರೂ ತಿಳಿದರು.

ಅಧಿಕಾರಿ ಬಂದರು. ಹೆಗಲಿಗೆ ಚೀಲ, ಕೈಯಲ್ಲಿ ಫೈಲು, ಬೆಳಗಿನಿಂದ ಮನೆಮನೆ ಹತ್ತಿಳಿದು ಸುಸ್ತಾದ ನಡುವಯಸ್ಸಿನ ಹೆಂಗಸು. ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ಕಾಲಿಡಲು ಜಾಗವೇ ಇರಲಿಲ್ಲ.

"ಏನ್ರೀ ಇದು?"

"ಸ... ಸರಕು ಮೇಡಂ. ಬೆಕ್ಕಿನ ಹಾಸಿಗೆ" ಎಂದ ಬೆಕ್ಕಿನಣ್ಣ.

"ಇದೆಲ್ಲ ನೀವು ಮಾರೋ ಮಾಲೇನಾ? ಸರಿಯಾಗಿ ಹೇಳಿ."

"ಹೂಂ ಮೇಡಂ, ಎಲ್ಲಾ ಹೊರದೇಶದ ಮಾಲು!" ಎಂದು ಕಲಂ ತಾತ ಹಿಂದಿನಿಂದ ಬಾಯಿ ಹಾಕಿದರು.

ಅಧಿಕಾರಿ ಫೈಲು ತೆರೆದರು. "ಅರ್ಜೀಲಿ ನೀವೇ ಏನು ಬರೆದಿದ್ದೀರಿ ನೋಡಿ. ಸರಕು ಒಂದು ಹೊರದೇಶದಿಂದ ಇನ್ನೊಂದು ಹೊರದೇಶಕ್ಕೆ ಹೋಗುತ್ತೆ, ನಮ್ಮ ನೆಲ ಮುಟ್ಟೋದೇ ಇಲ್ಲ ಅಂತ. ಅದಕ್ಕೇ ನಿಮ್ಮ ಸರಕಿನ ಮೇಲೆ ಇಲ್ಲಿ ತೆರಿಗೆ ಹಾಕಿಲ್ಲ. ನೆಲ ಮುಟ್ಟದ ಸರಕು ನಿಮ್ಮ ಕೋಣೇಲಿ ಸೂರಿನ ತನಕ ಹೇಗೆ ಬಂತು? ಸುಂಕ ಕಟ್ಟಿದ ರಸೀದಿ ಕೊಡಿ."

ಬೆಕ್ಕಿನಣ್ಣ ಕಲಂ ತಾತನತ್ತ ನೋಡಿದ. "ರಸೀದಿ... ಇಲ್ಲ ಮೇಡಂ."

"ಸುಂಕ ಕಟ್ಟದೆ ಹೊರದೇಶದ ಮಾಲು ಒಳಗೆ ತಂದ್ರೆ ಅದಕ್ಕೇನಂತಾರೆ ಗೊತ್ತಾ?"

"ಕಳ್ಳಸಾಗಣೆ!" ಎಂದು ಕಲಂ ತಾತ ಹಳೆಯ ಅಭ್ಯಾಸಬಲದಿಂದ ಕೂಗಿ, ಯಾವ ಕಲಂ, ಎಷ್ಟು ವರ್ಷ ಸಜೆ ಎಂಬುದನ್ನೂ ಹೇಳಿಬಿಟ್ಟರು. ಹೇಳಿ ಮುಗಿಸಿದ ಮೇಲೆ ಹಣೆ ಚಚ್ಚಿಕೊಂಡರು.

"ಮೇಡಂ, ಇವು ನಮ್ಮ ಮಾಲಲ್ಲ, ಓಣಿಯವರ ದಿಂಬು!" ಬೆಕ್ಕಿನಣ್ಣ ಕೈ ಮುಗಿದ. "ಖಾಲಿ ಕೋಣೆ ನೋಡಿ ಅಂಗಡಿ ಮುಚ್ಚಿಸ್ತೀರಿ ಅಂತ ಹೆದರಿ... ತಾತ, ಹೇಳಿ ತಾತ. ಆ ಹಾಸಿಗೆ ನಿಮ್ಮದಲ್ವಾ?"

ಕಲಂ ತಾತ ಹಾಸಿಗೆಯನ್ನು ಅಪರಿಚಿತರನ್ನು ನೋಡುವಂತೆ ನೋಡಿದರು. "ನಾನು ಇದನ್ನ ಈಗಲೇ ನೋಡ್ತಿರೋದು."

"ಟೈಲರಮ್ಮ, ನೀವಾದ್ರೂ..."

"ನಾನು ಬೆಕ್ಕು ಹುಡುಕ್ಕೊಂಡು ಬಂದೋಳು ಕಣಣ್ಣ" ಎಂದು ಟೈಲರಮ್ಮ ಬೆಕ್ಕನ್ನು ಎತ್ತಿಕೊಂಡು ಬಾಗಿಲ ಕಡೆ ಸರಿದರು.

ಅಧಿಕಾರಿ ಮುಂದೆ ಬಂದು ಹಾಸಿಗೆಗೆ ಕಟ್ಟಿದ್ದ ಹಗ್ಗ ಬಿಚ್ಚಿದರು. ಹಾಸಿಗೆ ಉರುಳಿ ಬಿಚ್ಚಿಕೊಂಡಿತು. ಒಳಗಿನಿಂದ ಒಂದು ಕಾಲುಚೀಲ, ನೋವಿನ ಮುಲಾಮಿನ ಡಬ್ಬಿ, ಕೊನೆಗೆ ಒಂದು ಜೊತೆ ಕಟ್ಟಿಸಿದ ಹಲ್ಲು ಹೊರಬಿದ್ದವು. ಕಲಂ ತಾತ ಥಟ್ಟನೆ ಕೈಯಿಂದ ಬಾಯಿ ಮುಚ್ಚಿಕೊಂಡರು.

ಅಧಿಕಾರಿ ದಿಂಬಿನ ರಾಶಿಯ ಮೇಲೆ ಕುಸಿದು ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಹೇಳಿದರು: "ಖಾಲಿ ಕೋಣೆ ನೋಡೋಕೆ ಅಂತಲೇ ಬಂದಿದ್ದೆ ಕಣ್ರೀ. ಇಲ್ಲಿ ಮಾಲಿಲ್ಲ ಅಂತ ಖಾತ್ರಿ ಮಾಡ್ಕೊಂಡು ಸಹಿ ಹಾಕೋದಷ್ಟೇ ನನ್ನ ಕೆಲಸ. ಕೋಣೆ ಇದ್ದ ಹಾಗೇ ತೋರಿಸಿದ್ರೆ ನಿಂತ ಕಾಲಲ್ಲೇ ಮುಗೀತಿತ್ತು." ಸಹಿ ಹಾಕಿದರು. "ಹೋಗ್ಲಿ, ನಾಳೆಯಿಂದ ಅಂಗಡಿ ನಿಮ್ಮ ಹೆಸರಿಗೆ."

ಬೆಕ್ಕಿನಣ್ಣನಿಗೆ ಹೋದ ಜೀವ ಬಂದಂತಾಯಿತು. ಹಾಸಿಗೆ ತಮ್ಮದೆಂದು ಕಲಂ ತಾತನಿಗೆ ಫಕ್ಕನೆ ನೆನಪಾಯಿತು; ಹೊರಬಿದ್ದದ್ದನ್ನೆಲ್ಲ ಒಳಗಿಟ್ಟು ಅದನ್ನು ಸುತ್ತತೊಡಗಿದರು. ಟೈಲರಮ್ಮ ದಿಂಬುಗಳನ್ನು ಕಂಕುಳಿಗೆ ಸೇರಿಸತೊಡಗಿದರು.

"ನಾಳೆ ಮರೀದೆ ಎರಡು ಕೆಲಸ ಮಾಡಿ" ಎಂದರು ಅಧಿಕಾರಿ ಏಳುತ್ತ. "ಪರದೆ ಮೇಲೆ ನಿಮ್ಮ ಮನೆಯವರ ಹೆಸರು ತೆಗೆದು ನಿಮ್ಮದು ಹಾಕಿ. ಹೊರದೇಶದ ಗಿರಾಕಿಗೆ ಮಾರೋರು ಯಾರು ಅಂತ ನಿಜವಾದ ಹೆಸರು ತೋರಿಸ್ಲೇಬೇಕು. ಮತ್ತೆ, ಹಳೇ ಗಿರಾಕಿಗಳಿಗೆಲ್ಲ ಮಾಲೀಕರು ತೀರಿಕೊಂಡ್ರು ಅಂತ ಒಂದು ಪತ್ರ."

ಬೆಕ್ಕಿನಣ್ಣ ನಿಂತಲ್ಲೇ ನಿಂತ. ಅವಳು ಉಳಿಯಲೆಂದು ಅಂಗಡಿಯನ್ನು ಉಳಿಸಿಕೊಳ್ಳಲು ಹೊರಟಿದ್ದ. ಈಗ ಅಂಗಡಿ ಉಳಿಯಿತು, ಅವಳು ಹೋಗುತ್ತಾಳೆ. ಅವಳು ಮತ್ತೊಮ್ಮೆ ಸಾಯುತ್ತಾಳೆ. ಈ ಸಲ ಆ ಸುದ್ದಿಯನ್ನು ಮನೆಮನೆಗೂ ಅವನೇ ಮುಟ್ಟಿಸಬೇಕು.

"ಮೇಡಂ... ಒಂದು ವೇಳೆ ಕಳ್ಳಸಾಗಣೆ ಕೇಸು ಹಾಕಿದ್ರೆ?"

"ಯಾಕ್ರೀ ಹಾಕ್ಲಿ?"

"ಹಾಕಿದ್ರೆ ಅಂತ ಕೇಳ್ದೆ. ಆಗ್ಲೂ ಹೆಸರು ಬದಲಾಯಿಸ್ಬೇಕಾ?"

"ಕೇಸು ಮುಗಿಯೋವರೆಗೆ ಏನೂ ಬದಲಾಗಲ್ಲ. ಎಲ್ಲ ಹಳೇ ಹೆಸರಲ್ಲೇ ಇರುತ್ತೆ."

"ಮುಗಿಯೋಕೆ ಎಷ್ಟು ದಿನ?"

"ನಮ್ಮಲ್ಲಾ?" ಅಧಿಕಾರಿ ನಿಟ್ಟುಸಿರಿಟ್ಟರು. "ನಾನು ನಿವೃತ್ತಿ ಆದ್ರೂ ಮುಗಿಯಲ್ಲ."

ಬೆಕ್ಕಿನಣ್ಣ ಓಡಿಹೋಗಿ ಬಾಗಿಲಿಗೆ ಅಡ್ಡವಾಗಿ ಎರಡೂ ಕೈ ಚಾಚಿದ. "ತಾತ, ಹಾಸಿಗೆ ಕೆಳಗಿಡಿ! ಟೈಲರಮ್ಮ, ದಿಂಬು ಮುಟ್ಟಬೇಡಿ! ಮೇಡಂ, ಬರ್ಕೊಳ್ಳಿ. ಒಂದೂ ಬಿಡದ ಹಾಗೆ ಎಲ್ಲಾ ಸುಂಕ ತಪ್ಪಿಸಿ ತಂದ ಮಾಲು. ನಾನು ಒಪ್ಕೋತೀನಿ."

"ಏ, ನನ್ನ ಹಲ್ಲು ಕಣೋ ಅದರಲ್ಲಿರೋದು!" ಎಂದು ಕಲಂ ತಾತ ಬಡಕೊಂಡರು.

ಅಧಿಕಾರಿ ನಗಲಿಲ್ಲ. ಅವನ ಮುಖವನ್ನೇ ನೋಡಿದರು. ಏನು ನಡೆಯುತ್ತಿದೆಯೆಂದು ಅವರಿಗೆ ಅರ್ಥವಾದಂತಿತ್ತು, ದನಿ ಮೆತ್ತಗಾಯಿತು.

"ನೀವು ಒಪ್ಕೊಂಡ್ರೆ ಪ್ರಯೋಜನ ಇಲ್ಲ. ಇವತ್ತಿನ ಮಟ್ಟಿಗೆ ಅಂಗಡಿ ಅವರದ್ದು. ಕೇಸು ಹಾಕಿದ್ರೆ ಆರೋಪಿ ಅಂತ ಬರೆಯೋದು ಅವರ ಹೆಸರು. ಸುಂಕ ವಂಚಿಸಿದ್ದು ಅವರು ಅಂತ ಆಗುತ್ತೆ. ಬರೀಲಾ?"

ಬಾಗಿಲಿಗೆ ಚಾಚಿದ್ದ ಕೈಗಳು ತಾವಾಗಿಯೇ ಇಳಿದವು.

"ಬೇಡ ಮೇಡಂ" ಎಂದ ಬೆಕ್ಕಿನಣ್ಣ. "ಅವಳು ಯಾರಿಗೂ ಬಿಡಿಗಾಸು ತಪ್ಪಿಸಿದೋಳಲ್ಲ. ನನ್ನ ಹೆಸರೇ ಇರಲಿ."

ಎಲ್ಲರೂ ಹೋದ ಮೇಲೆ ಅವನು ಕುರ್ಚಿಯ ಮೇಲೆ ಅಂಟಿದ್ದ ಹತ್ತಿ ಕೊಡವಿ ಕುಳಿತ. ಪರದೆಯ ಮೇಲೆ ಅವಳಿಗೊಂದು ಪತ್ರ ಬಂದು ಕಾದಿತ್ತು. ಬೆಕ್ಕಿಗೆ ಹಾಸಿಗೆ ಹಿಡಿಸಿದೆ, ನೀವು ಹೇಗಿದ್ದೀರಿ ಎಂದು ಯಾರೋ ಕೇಳಿದ್ದರು. ನಾಳೆಯವರೆಗೂ ಅಂಗಡಿ ಅವಳದೇ ಆದ್ದರಿಂದ, ಚೆನ್ನಾಗಿದ್ದೇನೆ ಎಂದು ಬರೆದು ಕಳಿಸಿದ.