ನೀರಿಲ್ಲದ ಕಾಯಿ ಸಿಡಿದದ್ದು

ವಿಜ್ಞಾನದ ಮೇಷ್ಟ್ರಾಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಮದುವೆಗೆ ಮುಂಚೆ ಆಗಬೇಡಿ ಎಂದು ಖಂಡಿತ ಹೇಳುತ್ತೇನೆ. ಕನ್ನಡದ ಮೇಷ್ಟ್ರ ಎದುರಿಗೆ ಯಾರಾದರೂ ಪದ್ಯವನ್ನು ತಪ್ಪಾಗಿ ಹೇಳಿದರೆ ಅವರು ಮೀಸೆಯಲ್ಲೇ ನಕ್ಕು ಸುಮ್ಮನಾಗಬಲ್ಲರು. ಲೆಕ್ಕದ ಮೇಷ್ಟ್ರಿಗೆ ಊರಿನವರ ಲೆಕ್ಕದಲ್ಲಿ ತಲೆ ಹಾಕಬಾರದೆಂಬ ಬುದ್ಧಿ ತಾನಾಗಿಯೇ ಬಂದಿರುತ್ತದೆ. ವಿಜ್ಞಾನದವನ ಹಣೆಬರಹ ಬೇರೆ. ಅವನಿಗೆ ಎಲ್ಲಿ ನೋಡಿದರೂ ಕಾರಣಗಳೇ ಕಾಣಿಸುತ್ತವೆ, ಕಂಡ ಕಾರಣವನ್ನು ಬಾಯಿಬಿಟ್ಟು ಹೇಳದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ನನಗೆ ಶೆಟ್ಟಿಕೆರೆಯಿಂದ ಬಂದಿದ್ದ ಒಂದು ಒಳ್ಳೆಯ ಸಂಬಂಧ ತಪ್ಪಿಹೋದದ್ದು ಹೀಗೆಯೇ. ಹುಡುಗಿಯ ಸೋದರಮಾವ ವಡೆ ಮುರಿಯುತ್ತಾ, ಮೋಡಕ್ಕೆ ಮೋಡ ಡಿಕ್ಕಿ ಹೊಡೆದರೆ ಗುಡುಗು ಬರುತ್ತದೆ ಎಂದರು. ನಾನು ಸುಮ್ಮನೆ ವಡೆ ತಿನ್ನಬಹುದಿತ್ತು. ತಿನ್ನಲಿಲ್ಲ. ಮಿಂಚು ಹರಿದ ದಾರಿಯಲ್ಲಿ ಗಾಳಿ ಒಮ್ಮೆಗೇ ಕಾದು ಒಮ್ಮೆಗೇ ಹಿಗ್ಗುತ್ತದೆ, ಗುಡುಗೆಂದರೆ ಆಕಾಶದಲ್ಲಿ ಆಗುವ ಸ್ಫೋಟ ಎಂದು ಕೈಕಾಲು ಆಡಿಸಿ ವಿವರಿಸಿದೆ. ಹುಡುಗಿಯ ಮುಖ ನೋಡುವುದನ್ನೂ ಮರೆತಿದ್ದೆ. ಅವರಿಂದ ಉತ್ತರ ಬಂತು: "ಹುಡುಗ ಚೆನ್ನಾಗವ್ನೆ, ಬಾಯಿ ಒಂದ್ ಸ್ವಲ್ಪ ಜಾಸ್ತಿ."

ಅಂದಿನಿಂದ ನಮ್ಮವ್ವ ನನಗೆ ಕಟ್ಟಪ್ಪಣೆ ಮಾಡಿದ್ದಳು. "ತಾಳಿ ಕಟ್ಟೋಗಂಟ ಆ ವಿಜ್ಞಾನವ ಇಸ್ಕೂಲಲ್ಲೇ ಬುಟ್ಟು ಬಾ ಕಣಪ್ಪ. ಮನೆಗೆ ತರಬ್ಯಾಡ." ಅಷ್ಟರಲ್ಲಿ ಹಂದನಕೆರೆಯ ಗಿರಿಜೆಯನ್ನು ನೋಡಿ ಬಂದೆವು. ಅವಳು ಕಾಫಿ ತಂದಿಟ್ಟಳು. ನನ್ನ ಲೋಟದಲ್ಲಿ ಇರುವೆಯೊಂದು ಈಜುತ್ತಿರುವುದು ಅವಳ ಕಣ್ಣಿಗೆ ಬಿತ್ತು. ಏನೂ ಹೇಳದೆ ಲೋಟ ಬದಲಿಸಿ ತಂದುಕೊಟ್ಟು, ಒಳಗೆ ಹೋಗುವಾಗ ಮುಸಿಮುಸಿ ನಕ್ಕಳು. ನನಗೆ ಅಷ್ಟೇ ಸಾಕಾಗಿಹೋಯಿತು. ಮದುವೆಯಾದರೆ ಇವಳನ್ನೇ ಎಂದು ಬಸ್ಸಿನಲ್ಲಿ ಕೂತಾಗಲೇ ತೀರ್ಮಾನಿಸಿದೆ. ಇನ್ನು ಉಳಿದಿದ್ದದ್ದು ಅವಳ ತಂದೆ ಹೊನ್ನವಳ್ಳಿಗೆ ಬಂದು ನಮ್ಮ ಮನೆ, ತೋಟ ನೋಡಿ ಹೂಂ ಅನ್ನುವುದು.

ಅವರ ಹೆಸರು ದೊಡ್ಡಯ್ಯನವರು. ಕಾಯಿ ಆಲಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ ಎಂದು ಸುತ್ತಲ ಊರುಗಳಲ್ಲೆಲ್ಲ ಮಾತು. ನಮ್ಮ ಕಡೆ ಕಾಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುತ್ತಾರಷ್ಟೆ. ಒಳಗೆ ಏನಾಗಿದೆ ಎಂದು ಒಡೆದು ನೋಡುವಂತಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಟಲೊಟ ಅಂದರೆ ಕೊಬ್ಬರಿಯಾಗಿದೆ, ಗುಳುಗುಳು ಅಂದರೆ ಇನ್ನೂ ನೀರಿದೆ, ಏನೂ ಅನ್ನದಿದ್ದರೆ ಕೆಟ್ಟಿದೆ. ತಿಪಟೂರಿನ ಸಂತೆಯಲ್ಲಿ ದೊಡ್ಡಯ್ಯನವರು ಒಂದು ಸಲ ಅಲ್ಲಾಡಿಸಿ ಹೇಳಿದರೆ ಮುಗಿಯಿತು, ಕೊಳ್ಳುವವನೂ ಮಾರುವವನೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಅವರು ಸಂಜೆ ಬಸ್ಸಿಗೆ ಬಂದು, ತೋಟ ಸುತ್ತಿ, ಮುದ್ದೆ ಉಂಡು ಮಲಗಿದರು. ನಾನು ಅಷ್ಟು ಹೊತ್ತೂ ಮಾತಿಗೆ ಮೊದಲು "ಹೌದು", ಕೊನೆಗೆ "ನೀವು ಹೇಳೋದು ಸರಿ" ಎನ್ನುತ್ತಾ ಹೇಗೋ ದಡ ಮುಟ್ಟಿದ್ದೆ. ಬೆಳಿಗ್ಗೆ ಧನುರ್ಮಾಸದ ಚಳಿ. ನಮ್ಮ ಬಚ್ಚಲಿನ ಹಂಡೆಯ ಒಲೆಗೆ ಬಾಯಿ ಇದ್ದದ್ದು ಹಿತ್ತಲ ಕಡೆಗೆ. ಸ್ನಾನಕ್ಕೆ ಹೊರಟ ದೊಡ್ಡಯ್ಯನವರು ಬೆಂಕಿ ಕಾಯಿಸಿಕೊಳ್ಳಲು ಅಲ್ಲಿಗೆ ಬಂದು, ಸೌದೆ ರಾಶಿಯ ಮೇಲಿದ್ದ ಸುಲಿದ ಕಾಯೊಂದನ್ನು ಅಭ್ಯಾಸಬಲದಿಂದ ಎತ್ತಿಕೊಂಡರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಕಿವಿಯ ಮೇಲೆ ಎರಡು ಸುತ್ತು ಮಫ್ಲರ್ ಇತ್ತು. ನನ್ನ ಕಿವಿಯ ಮೇಲೆ ಏನೂ ಇರಲಿಲ್ಲ. ಮಾರು ದೂರದಲ್ಲಿ ನಿಂತಿದ್ದ ನನಗೆ "ಗುಳುಕ್" ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

"ಕೆಟ್ಟೈತೆ ಬುಡಿ. ಒಳಗೆ ಒಂದ್ ತೊಟ್ಟು ನೀರಿಲ್ಲ" ಎಂದು ಅವರು ಕಾಯನ್ನು ಒಲೆಯೊಳಕ್ಕೆ ಎಸೆದು ಸ್ನಾನಕ್ಕೆ ನಡೆದರು.

ಈಗ ನನ್ನ ಅವಸ್ಥೆಯನ್ನು ನೀವು ಊಹಿಸಬೇಕು. ಅದೇ ವಾರ ತರಗತಿಯಲ್ಲಿ ನಾನು ಮಾಡಿದ್ದ ಪಾಠವೇ ಅದು. ಸ್ಫೋಟವೆಂದರೆ ಮಹಾ ಮಂತ್ರವೇನಲ್ಲ. ಇಕ್ಕಟ್ಟಾದ ಜಾಗ, ಅಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಗ್ಗಿಬಿಡುವ ಗಾಳಿಯೋ ಆವಿಯೋ, ಅದಕ್ಕೆ ಹೊರಹೋಗಲು ದಾರಿಯಿಲ್ಲದಿರುವುದು, ಇಷ್ಟೇ. ಪಟಾಕಿಯ ಮದ್ದನ್ನು ಬಿಚ್ಚಿ ನೆಲದ ಮೇಲೆ ಸುರಿದು ಕಡ್ಡಿ ಗೀರಿದರೆ ಬುಸ್ಸೆಂದು ಉರಿದು ಹೋಗುತ್ತದೆ, ಅದನ್ನೇ ಕಾಗದದಲ್ಲಿ ಬಿಗಿದು ಸುತ್ತಿದರೆ ಢಮ್ಮೆನ್ನುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ಸಂದಿನಲ್ಲಿ ಉಸಿರು ಬಿಡುವುದರಿಂದಲೇ ನಮ್ಮ ಹೆಂಗಸರು ಕ್ಷೇಮವಾಗಿದ್ದಾರೆ. ತೆಂಗಿನ ಚಿಪ್ಪಿಗೆ ಅಂಥ ಸಂದಿಲ್ಲ. ಒಳಗಿನ ನೀರು ಆವಿಯಾದರೆ ಸಾವಿರ ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ, ಚಿಪ್ಪು ಕೊಡುವುದಿಲ್ಲ, ಜಗಳ ಶುರುವಾಗುತ್ತದೆ. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ "ಅದರಲ್ಲಿ ನೀರಿದೆ" ಎನ್ನುವಂತಿಲ್ಲ. ಅಂದರೆ, ಸಂತೆಯೇ ಒಪ್ಪಿದ ಕಿವಿಯನ್ನು ತಪ್ಪೆಂದ ಹಾಗೆ. "ಯಜಮಾನ್ರೇ..." ಎಂದು ಶುರುಮಾಡಿದೆ. ಬಾಗಿಲಲ್ಲಿ ನಿಂತಿದ್ದ ಅವ್ವ ಕಣ್ಣು ಬಿಟ್ಟಳು. "ನೀರು ಹದವಾಗೈತೆ" ಎಂದು ಮಾತು ಮುಗಿಸಿದೆ.

ಅವರು ಒಳಹೋಗಿ ಬಾಗಿಲು ಹಾಕಿಕೊಂಡ ತಕ್ಷಣ ಉದ್ದನೆಯ ಕೋಲು ಹಿಡಿದು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಕಾಯನ್ನು ಈಚೆಗೆ ಎಳೆಯಬೇಕೆಂದು ನನ್ನ ಆಸೆ, ಆಚೆಗೆ ಉರುಳಬೇಕೆಂದು ಅದರ ಹಟ. ಎಳೆದಷ್ಟೂ ಕೆಂಡದ ನಡುವಿಗೇ ಹೋಗಿ ಕೂತಿತು. "ಅಲ್ಲೇನ್ಲಾ ಕೆರೀತಾ ಇದ್ದೀಯ?" ಎಂದು ಅವ್ವ ಕೇಳಿದಳು. ಉತ್ತರವನ್ನು ನಾನು ಕೊಡಬೇಕಾಗಲಿಲ್ಲ. ಢಂ ಎಂದು ಹೊಡೆಯಿತು ನೋಡಿ, ಹಂಡೆ ನಡುಗಿತು, ಸೂರಿನ ಮಸಿಯೆಲ್ಲ ಉದುರಿತು, ಒಲೆಯಲ್ಲಿದ್ದ ಬೂದಿಯೆಲ್ಲ ನನ್ನ ಮೇಲಿತ್ತು. ಹುಬ್ಬು ಮುಟ್ಟಿ ನೋಡಿಕೊಂಡೆ, ಎಡಗಡೆಯದು ಅರ್ಧ ಉಳಿದಿತ್ತು. ದೊಡ್ಡಯ್ಯನವರು ಟವೆಲ್ ಸುತ್ತಿಕೊಂಡು, ತಲೆ ತುಂಬಾ ಸೀಗೆಪುಡಿಯ ಸಮೇತ ಹಿತ್ತಲಿಗೆ ಓಡಿಬಂದರು.

"ಕೆಟ್ಟ ದೃಷ್ಟಿ ಹೋಯ್ತು ಬುಡಿ ಅಣ್ಣ, ಒಳ್ಳೇದೇ ಆಯ್ತು" ಎಂದು ಅವ್ವ ಥಟ್ಟನೆ ಶಕುನವನ್ನು ತಿರುಗಿಸಿ ಹಾಕಿದಳು. ಆದರೆ ದೊಡ್ಡಯ್ಯನವರು ಒಲೆಯನ್ನೂ ನನ್ನನ್ನೂ ನೋಡಿದರು. "ಇರ್ಲಿ ಕಣಮ್ಮ, ಮೇಷ್ಟ್ರು ಹೇಳ್ಲಿ. ನೀರಂತೂ ಇರ್ಲಿಲ್ಲ, ನಾನೇ ಆಲಿಸಿವ್ನಿ. ಮತ್ಯಾಕೆ ಹಿಂಗ್ ಹೊಡೀತು?"

ಶೆಟ್ಟಿಕೆರೆಯ ವಡೆ ನೆನಪಾಯಿತು. ಅದರ ಹಿಂದೆಯೇ ಗಿರಿಜೆಯ ನಗು ನೆನಪಾಯಿತು. ಆ ಕ್ಷಣದಲ್ಲಿ ಆ ಚಿಪ್ಪಿಗಿಂತ ಒತ್ತಡ ಹೆಚ್ಚಾಗಿದ್ದದ್ದು ನನಗೆ. "ನೀವು ಹೇಳೋದು ಸರಿ" ಎಂದೆ. "ನೀರಿರಲಿಲ್ಲ. ಒಳಗೆ ಬರೀ ಗಾಳಿ ಇತ್ತು. ಗಾಳಿ ಕಾದು ಹಿಗ್ಗಿ ಹಿಂಗಾಯ್ತು." ಒಣ ಗಾಳಿ ಒಲೆಯೊಳಗೆ ಎರಡು ಮೂರು ಪಟ್ಟು ಹಿಗ್ಗೀತು, ಚಿಪ್ಪು ಟಪ್ಪೆಂದು ಬಿರುಕು ಬಿಟ್ಟೀತು. ಒಲೆಯ ಬೂದಿಯನ್ನೆಲ್ಲ ನನ್ನ ಮುಖಕ್ಕೆ ರಾಚುವಷ್ಟು ಶಕ್ತಿ ಅದಕ್ಕೆಲ್ಲಿಂದ ಬರಬೇಕು? ಪರೀಕ್ಷೆಯಲ್ಲಿ ಯಾವನಾದರೂ ಹೀಗೆ ಬರೆದಿದ್ದರೆ ಅಕ್ಷರ ಗುಂಡಾಗಿದ್ದರೂ ನಾನು ಸೊನ್ನೆಯನ್ನೇ ಕೊಡುತ್ತಿದ್ದೆ. ದೊಡ್ಡಯ್ಯನವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿ, "ಗಾಳಿ. ಹೂಂ" ಎಂದು ತಲೆ ತೊಳೆದುಕೊಳ್ಳಲು ಒಳಗೆ ಹೋದರು. ವಾರದೊಳಗೆ ಒಪ್ಪಿಗೆ ಎಂದು ಹೇಳಿಕಳುಹಿಸಿದರು. ಸತ್ಯವನ್ನು ಕೊಂದದ್ದಕ್ಕೆ ಎರಡು ದಿನ ಬೇಜಾರಾಯಿತು, ಮೂರನೆಯ ದಿನ ಸಂತೋಷ ಗೆದ್ದಿತು.

ಮದುವೆಯಾಗಿ ತಿಂಗಳಾದ ಮೇಲೆ, ಒಂದು ಮಧ್ಯಾಹ್ನ ಊಟ ಮಾಡುತ್ತಾ, ನಿಮ್ಮಪ್ಪನ ಮಾನ ಉಳಿಸಿದವನು ನಾನು ಎಂದು ಗಿರಿಜೆಯ ಮುಂದೆ ಜಂಬ ಕೊಚ್ಚಿಕೊಂಡೆ. ಅವಳು ಸಾರು ಬಡಿಸುತ್ತಿದ್ದವಳು ಸೌಟನ್ನು ಹಾಗೇ ಹಿಡಿದು ನಗತೊಡಗಿದಳು.

"ಅಪ್ಪ ಅವತ್ತೇ ಬಂದು ಹೇಳಿತ್ತು ಕಣ್ರೀ. 'ಮಫ್ಲರ್ ಕಟ್ಕೊಂಡಿದ್ದೆ, ಕಿವಿ ಮೋಸ ಹೋಯ್ತು. ನೀರಿತ್ತು, ಕಾಯ್ತು, ಆವಿಯಾಗಿ ಹೊಡೀತು. ಅಷ್ಟು ತಿಳೀದೆ ಗಾಳಿಗೀಳಿ ಅಂತಾನೆ, ಹುಡುಗನಿಗೆ ವಿಜ್ಞಾನ ಏನೇನೂ ಬರಾಕಿಲ್ಲ. ಆದ್ರೆ ಹಿರೀರಿಗೆ ಎದುರಾಡೋನಲ್ಲ' ಅಂತು."

ನನ್ನ ಡಿಗ್ರಿಯ ಮರ್ಯಾದೆ ಸಾರಿನಲ್ಲಿ ತೇಲಿಹೋಯಿತು. "ಇಷ್ಟೆಲ್ಲ ಕೇಳಿದ ಮೇಲೂ ನೀನು ಹೆಂಗೆ ಒಪ್ಕೊಂಡೆ?" ಎಂದೆ.

"ಮೈ ತುಂಬಾ ಬೂದಿ ಬಿದ್ರೂ ನೀರಿರ್ಲಿಲ್ಲ ಅಂತ ಒಪ್ಕೊಂಡೋರು, ನಾಳೆ ನಾನು ಏನಂದ್ರೂ ಒಪ್ಕೋತಾರೆ ಅಂತ ಹೂಂ ಅಂದೆ. ಸರಿ ತಾನೆ ನಾನ್ ಮಾಡಿದ್ದು?"

ಹೇಳಬೇಕಾದ ಮಾತುಗಳು ನನ್ನೊಳಗೆ ಸಾವಿರ ಪಟ್ಟು ಹಿಗ್ಗಿದವು. ಅವಳು ಸೌಟು ಹಿಡಿದು ಉತ್ತರಕ್ಕಾಗಿ ಕಾಯುತ್ತಿದ್ದಳು.

"ನೀನು ಹೇಳೋದು ಸರಿ" ಎಂದೆ.